ಜಡ್ಡಿಯಲ್ಲಿ ನಾಲ್ಕು ಮಳೆಗಾಲ

ಆ ಊರಿಗೆ ಹೋದ ದಿನ ನನಗೆ ಎದುರಾದ ಮೊದಲ ಪ್ರಶ್ನೆ, ‘ನೀವು ಕಸ್ತೂರಿ ರಂಗನ್ ಕಡೆಯವರಾ?’ ಅಂತ. ಅಲ್ಲ, ಪಿಎಚ್‌.ಡಿ. ಮಾಡ್ತಿದ್ದೇನೆ, ಕಪ್ಪೆ ಎಣಿಸೋಕೆ ಬಂದಿದ್ದೇನೆ ಅಂದೆ. ಯಾರೂ ನಂಬಲಿಲ್ಲ. ಅವರು ನಂಬದೇ ಇದ್ದದ್ದರಲ್ಲಿ ತಪ್ಪೇನೂ ಇರಲಿಲ್ಲ. ಪಶ್ಚಿಮ ಘಟ್ಟದ ಸಂರಕ್ಷಣೆಯ ಬಗ್ಗೆ 2013ರಲ್ಲಿ ಕಸ್ತೂರಿ ರಂಗನ್ ಸಮಿತಿಯ ವರದಿ ಬಂದಾಗಿನಿಂದ ನೋಟ್‌ಬುಕ್ಕು, ಜಿಪಿಎಸ್ ಹಿಡಿದು ಯಾರು ಬಂದರೂ ಮಲೆನಾಡಿನ ಜನಕ್ಕೆ ಒಂದೇ ಭಯ, ನಮ್ಮನ್ನು ಒಕ್ಕಲೆಬ್ಬಿಸ್ತಾರಾ ಅಂತ.

ನಾನು ಕೆಲಸ ಮಾಡಿದ್ದು ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನಲ್ಲಿ, ರಾಂಪತ್ರೆ ಜಡ್ಡಿಗಳಲ್ಲಿ. ಜಡ್ಡಿ ಅಂದರೆ ಬೇಸಿಗೆಯಲ್ಲೂ ನೀರು ಆರದ ಕಾಡಿನ ಕೆಸರುಜಾಗ. ಅಲ್ಲಿ ಬೆಳೆಯುವ ರಾಂಪತ್ರೆ ಜಾತಿಯ ಮರಗಳು ಜಾಯಿಕಾಯಿಯ ಕಾಡು ನೆಂಟರು. ಕೆಸರಿನೊಳಗೆ ಗಾಳಿ ಇರುವುದಿಲ್ಲ, ಅಲ್ವಾ? ಅದಕ್ಕೇ ಅವುಗಳ ಬೇರು ಮೇಲಕ್ಕೆದ್ದು, ಮಂಡಿಯ ಹಾಗೆ ಮಡಚಿ, ಮತ್ತೆ ಕೆಸರಿಗೆ ಇಳಿಯುತ್ತದೆ. ಉಸಿರಾಡುವುದು ಆ ಮಂಡಿಗಳಿಂದಲೇ. ಇಂಥ ಜಡ್ಡಿಗಳಲ್ಲಿ ಹೆಸರುವಾಸಿಯಾದದ್ದು ಕತ್ತಲೆಕಾನು. ಗೇರಿನ ಕುಟುಂಬದ ಒಂದು ಅಪರೂಪದ ಮರಕ್ಕೆ 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಹೆಸರಿಟ್ಟದ್ದು ಈ ಕಾನಿನಿಂದಲೇ. ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಮಾತ್ರ ಮರವಲ್ಲ, ಒಂದು ಕಪ್ಪೆ.

ಆ ಕಪ್ಪೆಯ ಹೆಸರು ಕುಂಬಾರ. ವಿಜ್ಞಾನದ ಹೆಸರಲ್ಲೂ ಕನ್ನಡದ ಪದವೇ ಇದೆ: ನಿಕ್ಟಿಬ್ಯಾಟ್ರಾಕಸ್ ಕುಂಬಾರ. 2014ರಲ್ಲಿ ಡಾ. ಕೆ.ವಿ. ಗುರುರಾಜ ಮತ್ತು ಜೊತೆಗಾರರು ಇದನ್ನು ಹೊಸ ಜಾತಿ ಅಂತ ವಿವರಿಸಿದರು. ಇದರ ಮೊಟ್ಟೆ ಎಲ್ಲೆಲ್ಲಿ ಕಾಣುತ್ತದೆ, ನೀರು ಕಡಿಮೆಯಾದ ಹಳ್ಳದಲ್ಲಿ ಏನಾಗುತ್ತದೆ ಅನ್ನುವುದೇ ನನ್ನ ವಿಷಯ.

ಮೊದಲ ವರ್ಷ ನಾನು ಮಾಡಿದ್ದು ಪುಸ್ತಕದಲ್ಲಿದ್ದ ಕೆಲಸ. ಅರಣ್ಯ ಇಲಾಖೆಯ ಅನುಮತಿ ತಗೊಂಡು, ನಕ್ಷೆ ನೋಡಿ, ಹಳ್ಳದುದ್ದಕ್ಕೂ ಸಮದೂರದಲ್ಲಿ ಜಾಗ ಗುರುತು ಹಾಕಿಕೊಂಡೆ. ಸಂಜೆ ಏಳರಿಂದ ಹತ್ತರವರೆಗೆ ಹುಡುಕಾಟ. ಸಿಕ್ಕಿದ್ದು ತೀರಾ ಕಡಿಮೆ. ಒಂದು ದಿನ ಒದ್ದೆ ಬಟ್ಟೆಯಲ್ಲೇ, ನಾನು ಉಳಿದುಕೊಂಡಿದ್ದ ಮನೆಯ ಅಜ್ಜಿಯ ಎದುರು ಬಚ್ಚಲ ಒಲೆ ಹತ್ತಿರ ಕೂತು ಫೋನಿನಲ್ಲಿದ್ದ ಕಪ್ಪೆಯ ಕೂಗು ಕೇಳಿಸಿದೆ. ಮರವನ್ನು ಬೆರಳ ಗೆಣ್ಣಿನಿಂದ ಬಡಿದ ಹಾಗೆ ಟೊಕ್, ಟೊಕ್ ಅನ್ನುವ ಸದ್ದು. ‘ತಂಗೀ, ಇದು ದೊಡ್ಡ ಹಳ್ಳದಲ್ಲಿ ಎಲ್ಲಿ ಸಿಗ್ತದೆ? ಅಬ್ಬಿ ಪೈಪು ಇಟ್ಟಲ್ಲಿ ಹೋಗಿ ಕೇಳು’ ಅಂದರು.

ಮರುದಿನ ಹೋದೆ. ತೋಟಕ್ಕೆ ನೀರಿಳಿಸುವ ಪೈಪಿನ ಬಾಯಿ ಇರುವ ಜಾಗ ಅದು. ಮೊಣಕಾಲು ಮುಟ್ಟದಷ್ಟು ನೀರು, ಮೇಲೆ ರಾಂಪತ್ರೆ ಬೇರು. ಸುತ್ತಲೂ ಟೊಕ್ ಟೊಕ್. ಅವತ್ತಿನಿಂದ ಜಾಗ ಆರಿಸುವ ಮೊದಲು ಊರಿನವರನ್ನು ಕೇಳುವುದನ್ನು ರೂಢಿ ಮಾಡಿಕೊಂಡೆ. ಲೆಕ್ಕದ ಶಿಸ್ತು ಬಿಡಲಿಲ್ಲ. ಮೊದಲಿನ ಜಾಗಗಳಲ್ಲೂ ಎಣಿಕೆ ಮುಂದುವರಿಸಿದೆ, ಇವನ್ನು ಬೇರೆ ಪಟ್ಟಿ ಮಾಡಿದೆ.

ಈ ಕೆಲಸಕ್ಕೆ ಹೊರಡುವವರಿಗೆ ಒಂದೆರಡು ಮಾತು. ಮಳೆಯಲ್ಲಿ ಪೆನ್ನು ಬರೆಯುವುದಿಲ್ಲ, ಪೆನ್ಸಿಲ್ ಇಟ್ಟುಕೊಳ್ಳಿ. ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಹೊಗೆಸೊಪ್ಪು, ಸುಣ್ಣ ಆಗುತ್ತದೆ, ಆದರೆ ಆ ಕೈಯಲ್ಲಿ ಕಪ್ಪೆ ಮುಟ್ಟಲೇಬಾರದು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ಕೈಗೆ ಏನು ಹತ್ತಿದ್ದರೂ ಅದು ಅದರ ಮೈಯೊಳಗೆ ಹೋಗುತ್ತದೆ. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವಾಗ ಬೂಟು ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ರೋಗದ ಶಿಲೀಂಧ್ರ ನಿಮ್ಮ ಜೊತೆಗೇ ಪ್ರಯಾಣ ಮಾಡಬಹುದು.

ಎರಡನೇ ಮಳೆಗಾಲದ ಒಂದು ರಾತ್ರಿ ನಾನು ಕಾಯುತ್ತಿದ್ದದ್ದು ಕಂಡಿತು. ನೀರಿನ ಮೇಲೆ ಚಾಚಿದ ಒಂದು ಕಡ್ಡಿ. ಹೆಣ್ಣು ಮುಂಗೈ ಊರಿ, ತಲೆ ಕೆಳಗಾಗಿ ನಿಂತು ಮೊಟ್ಟೆ ಅಂಟಿಸಿ ಹೋಯಿತು. ಗಂಡು ಉಳಿಯಿತು. ಹಳ್ಳದ ತಳಕ್ಕೆ ಬಗ್ಗಿ ಎರಡೂ ಮುಂಗೈಯಲ್ಲಿ ಕೆಸರು ಬಾಚಿತು, ಹಿಂಗಾಲ ಮೇಲೆ ಎದ್ದು ನಿಂತು ಮೊಟ್ಟೆಗೆ ಮೆತ್ತಿತು. ಮತ್ತೆ ಬಗ್ಗಿತು, ಮತ್ತೆ ಎದ್ದಿತು. ಮಡಕೆಗೆ ಮಣ್ಣು ಮೆತ್ತುವ ಕೈಯದೇ ಚಲನೆ. ನಾನು ಕೆಂಪು ಬೆಳಕು ಹಾಕಿಕೊಂಡು ಅಲುಗಾಡದೆ ಕೂತಿದ್ದೆ, ಕುತ್ತಿಗೆಗೆ ಉಂಬಳ ಹತ್ತಿದ್ದು ಮನೆಗೆ ಬಂದ ಮೇಲೇ ಗೊತ್ತಾಗಿದ್ದು. ಮೆತ್ತಿದ ಮಣ್ಣು ಮೊಟ್ಟೆ ಒಣಗದ ಹಾಗೆ ಕಾಯುತ್ತದೆ, ಬೇರೆ ಪ್ರಾಣಿಗಳ ಕಣ್ಣಿಗೂ ಮರೆಮಾಡುತ್ತದೆ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಆ ಖುಷಿಯಲ್ಲೇ ತಪ್ಪು ಮಾಡಿದೆ. ಫೋಟೋವನ್ನು ಊರಿನ ಹೆಸರು, ಹಳ್ಳದ ಹೆಸರಿನ ಸಮೇತ ಎಲ್ಲರಿಗೂ ಹಂಚಿದೆ. ಹತ್ತು ದಿನ ಆಗಿರಬೇಕು, ಊರಿನಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗೌಡರ ಫೋನು ಬಂತು. ‘ಅಕ್ಕೋರೆ, ನಿನ್ನೆ ರಾತ್ರಿ ಒಂದಷ್ಟು ಜನ ಬ್ಯಾಟರಿ, ಕ್ಯಾಮೆರಾ ಹಿಡ್ಕಂಡು ಹಳ್ಳಕ್ಕೆ ಇಳಿದಿದ್ರು. ನೀವೇ ಕಳ್ಸಿದ್ದಾ?’ ನಾನು ಓಡಿ ಹೋದೆ. ಕಲ್ಲು ಮಗುಚಿದ್ದವು, ಕೆಸರಿನ ತುಂಬ ಬೂಟಿನ ಗುರುತು. ಮಣ್ಣು ಮೆತ್ತಿದ್ದ ಎರಡು ಕಡ್ಡಿ ಮುರಿದು ನೀರಲ್ಲಿ ಬಿದ್ದಿದ್ದವು. ಜಾಗ ತೋರಿಸಿಕೊಟ್ಟವಳು ನಾನೇ. ಈಗಲೂ ಅದನ್ನು ನೆನೆದರೆ ಸಂಕಟ ಆಗುತ್ತದೆ.

ಪಂಚಾಯಿತಿಯಲ್ಲಿ ಜನ ಸೇರಿದ್ದ ದಿನ ಹೋಗಿ ಇದನ್ನೇ ಹೇಳಿ ಕ್ಷಮೆ ಕೇಳಿದೆ. ಬೈಗುಳ ಬರುತ್ತದೆ ಅಂದುಕೊಂಡಿದ್ದೆ. ಬದಲಿಗೆ ಒಬ್ಬರು, ‘ಸರಿ, ಇನ್ನು ನೀವು ಬರೆದದ್ದೆಲ್ಲ ಮೊದಲು ನಮಗೆ ಓದಿ ಹೇಳಿ’ ಅಂದರು. ಒಪ್ಪಿಕೊಂಡೆ. ಪ್ರತಿ ಅಕ್ಟೋಬರಿನಲ್ಲಿ ಶಾಲೆಯ ಜಗಲಿ ಮೇಲೆ ಆ ವರ್ಷದ ಲೆಕ್ಕ ಓದುವುದು ಹಾಗೆ ಶುರುವಾಯಿತು. ಸ್ಲೈಡ್ ಇಲ್ಲ, ಬರೀ ಕೈಯಲ್ಲಿ ಬರೆದ ಚಾರ್ಟು.

ಮೊದಲ ಸಲ ಓದಿದಾಗ ಒಂದು ಹಳ್ಳದಲ್ಲಿ ಗೊದಮೊಟ್ಟೆ ಯಾಕೆ ಕಡಿಮೆ ಅಂತ ನನಗೆ ಗೊತ್ತಿರಲಿಲ್ಲ. ಕೊನೆಗೌಡರು ಎದ್ದು, ‘ಅಲ್ಲಿ ನಾವು ಕೊಳೆ ಔಷಧಿ ಬ್ಯಾರಲ್ ತೊಳೀತೇವೆ’ ಅಂದರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ. ಅದರ ತಾಮ್ರ ಗೊದಮೊಟ್ಟೆಗೆ ವಿಷ. ಆ ಒಂದೇ ಕಾರಣ ಅಂತ ನಾನು ಹೇಳಲಾರೆ, ಆ ಹಳ್ಳದಲ್ಲಿ ನೆರಳೂ ಕಡಿಮೆ ಇತ್ತು. ಆದರೂ ಅಲ್ಲೇ ಮಾತಾಡಿ ಬ್ಯಾರಲ್ ತೊಳೆಯುವ ಜಾಗವನ್ನು ಹಳ್ಳದಿಂದ ದೂರ, ತೋಟದ ಮೇಲ್ಗಡೆಯ ಒಂದು ಗುಂಡಿಗೆ ಬದಲಾಯಿಸಿದರು. ಔಷಧಿ ಹೊಡೆಯಬೇಡಿ ಅಂತ ನಾನು ಯಾವತ್ತೂ ಹೇಳಿಲ್ಲ. ಕೊಳೆ ಬಂದರೆ ಒಂದು ಮನೆಯ ವರ್ಷದ ಗಳಿಕೆ ನೆಲಕ್ಕೆ ಉದುರುತ್ತದೆ. ಅದು ಗೊತ್ತಿಲ್ಲದೆ ಮಲೆನಾಡಿನಲ್ಲಿ ಸಂರಕ್ಷಣೆಯ ಮಾತಾಡಬಾರದು.

ಜಡ್ಡಿಗೆ ಇನ್ನೂ ದೊಡ್ಡ ಅಪಾಯ ಅಂದರೆ ಬಸಿಗಾಲುವೆ. ನೀರು ಬಸಿದು ಅಡಿಕೆ ಹಾಕುವುದು ಹಿಂದಿನಿಂದಲೂ ನಡೆದಿದೆ. ಇದನ್ನು ಕಪ್ಪೆಯ ಹೆಸರಲ್ಲಿ ಹೇಳಿದಾಗ ಯಾರೂ ಕಿವಿಗೊಡಲಿಲ್ಲ. ಅಬ್ಬಿ ಪೈಪಿಗೆ ಬರುವ ನೀರನ್ನು ಜನವರಿಯಿಂದ ಮೇವರೆಗೆ ಬಕೆಟ್ ಇಟ್ಟು ಅಳೆದೆವು. ಅಳೆದದ್ದು ಏಳನೇ ಕ್ಲಾಸಿನ ಮಕ್ಕಳು. ಜಡ್ಡಿ ಹಾಗೇ ಉಳಿದ ಕಡೆ ಏಪ್ರಿಲಿನಲ್ಲೂ ಬಕೆಟ್ ತುಂಬುತ್ತಿತ್ತು. ಕಾಲುವೆ ತೋಡಿದ ಕಡೆ ಮಾರ್ಚಿಗೇ ತೊಟ್ಟಿಕ್ಕತೊಡಗಿತು. ಆ ಚಾರ್ಟಿನ ಮುಂದೆ ಜನ ಜಾಸ್ತಿ ಹೊತ್ತು ನಿಂತರು.

ಜೀವವೈವಿಧ್ಯ ಕಾಯಿದೆ 2002ರ ಪ್ರಕಾರ ಪಂಚಾಯಿತಿಗೆ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಪ್ರಾಣಿ, ತಿಳಿವಳಿಕೆ ಎಲ್ಲದರ ದಾಖಲೆ ಮಾಡಬೇಕು. ನಮ್ಮ ಚಾರ್ಟುಗಳನ್ನು ಆ ದಾಖಲೆಗೆ ಸೇರಿಸಿದ್ದೇವೆ. ಯಾವ ಹಳ್ಳ ಅನ್ನುವುದನ್ನು ಹೊರಗಿನವರಿಗೆ ಕೊಡಬಾರದು ಅಂತ ಊರಿನವರೇ ಬರೆಸಿದರು. ಈ ಬರಹದಲ್ಲಿ ಊರಿನ ಹೆಸರು ಇಲ್ಲದಿರುವುದೂ ಅದಕ್ಕೇ.

ಕಳೆದ ವರ್ಷದಿಂದ ಅಜ್ಜಿಯ ಹಿತ್ತಲಲ್ಲಿ ರಾಂಪತ್ರೆ ಸಸಿ ಮಾಡುತ್ತಿದ್ದೇವೆ. ಈ ಬೀಜವನ್ನು ಒಣಗಿಸಿ ಇಡುವ ಹಾಗಿಲ್ಲ, ಒಣಗಿದರೆ ಸತ್ತಿತು. ಬಿದ್ದ ಕೂಡಲೇ ತಂದು ಒದ್ದೆ ಮಣ್ಣಿನಲ್ಲಿ ಊರಬೇಕು. ಮೊದಲ ಸಲದ್ದು ಅರ್ಧಕ್ಕರ್ಧ ಹಾಳಾಯಿತು, ನಾನು ಎರಡು ದಿನ ಚೀಲದಲ್ಲೇ ಇಟ್ಟಿದ್ದೆ. ಉಳಿದ ಸಸಿಗೆ ಅಜ್ಜಿ ಅಡಿಕೆ ಸೋಗೆಯ ನೆರಳು ಕಟ್ಟಿದ್ದಾರೆ. ಈ ಜೂನಿನಲ್ಲಿ ಮಳೆ ಹಿಡಿದ ಮೇಲೆ ಅವನ್ನು ಪೈಪಿನ ಬಾಯಿಯ ಮೇಲ್ಗಡೆ ನೆಡುತ್ತೇವೆ. ಗುಂಡಿ ತೋಡುವ ಜಾಗಗಳನ್ನು ಕೊನೆಗೌಡರು ಈಗಾಗಲೇ ಗೂಟ ಹೊಡೆದು ಗುರುತಿಸಿ ಬಂದಿದ್ದಾರೆ.