ಏಜೆಂಟ್ ಇಲ್ಲದೆ ಚುಕ್ಕಿಯನ್ನು ಯುರೋಪಿಗೆ ಕರೆತಂದೆ

ನನ್ನ ಸಾಕುಪ್ರಾಣಿ ಚುಕ್ಕಿಯನ್ನು ವಿಮಾನದಲ್ಲಿ ಯುರೋಪಿಗೆ ಕರೆತರುವುದು 'ಏಜೆಂಟ್ ಇಲ್ಲದೆ ಆಗೋ ಕೆಲಸವಲ್ಲ' ಎಂದವರೇ ಎಲ್ಲ. ಆಯಿತು. ಎಂಟು ತಿಂಗಳು ಹಿಡಿಯಿತು. ಏಜೆಂಟ್ ಕೇಳಿದ್ದರ ಮೂರನೇ ಒಂದು ಪಾಲಿನಷ್ಟರಲ್ಲಿ ಮುಗಿಸಿದೆ, ಅದೂ ಎರಡು ಸಲ ದುಡ್ಡು ಕಳಕೊಂಡ ಮೇಲೆ.

ಮೊದಲ ಪೆಟ್ಟು ಶುರುವಿನಲ್ಲೇ. ಚುಕ್ಕಿಗೆ ರೇಬೀಸ್ ಲಸಿಕೆ ಆಗಿತ್ತು, ಕಾರ್ಡೂ ಇತ್ತು. ಚರ್ಮದಡಿ ಇರುವ ಗುರುತಿನ ಮೈಕ್ರೋಚಿಪ್ ಮಾತ್ರ ಆಮೇಲೆ ಹಾಕಿಸಿದ್ದೆ. ಚಿಪ್ಪಿಗಿಂತ ಮುಂಚೆ ಕೊಟ್ಟ ಲಸಿಕೆ ಯುರೋಪಿಯನ್ ಒಕ್ಕೂಟದ ಲೆಕ್ಕಕ್ಕೆ ಬರುವುದಿಲ್ಲ. ಕ್ಲಿನಿಕ್‌ನಲ್ಲಿ ಯಾರೂ ಅದನ್ನು ಹೇಳಲಿಲ್ಲ. ಮತ್ತೆ ಲಸಿಕೆ. ಈ ಸಲ ಸೂಜಿಗೆ ಮುಂಚೆ ಸ್ಕ್ಯಾನರ್ ಹಿಡಿಸಿ, ಪರದೆಯಲ್ಲಿ ಬಂದ ಚಿಪ್ ನಂಬರಿನ 15 ಅಂಕಿಗಳನ್ನು ಫೋಟೋ ತೆಗೆದುಕೊಂಡೆ.

ಎರಡನೆಯದು ಟೈಟರ್ ಟೆಸ್ಟ್, ಅಂದರೆ ಲಸಿಕೆಯಿಂದ ರಕ್ತದಲ್ಲಿ ರೇಬೀಸ್ ವಿರುದ್ಧ ಪ್ರತಿಕಾಯ ಎಷ್ಟು ಬಂದಿದೆ ಎಂದು ಅಳೆಯುವ ಪರೀಕ್ಷೆ. ಈ ಟೆಸ್ಟಿನಿಂದ ವಿನಾಯಿತಿ ಇರುವ ದೇಶಗಳ ಒಕ್ಕೂಟದ ಪಟ್ಟಿಯಲ್ಲಿ ನಾವು ಹೊರಟ ದೇಶ ಇರಲಿಲ್ಲ, ಹಾಗಾಗಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಲಸಿಕೆಯಾಗಿ 30 ದಿನ ಕಳೆಯಬೇಕು. 31ನೇ ದಿನವೇ ಅವಸರದಲ್ಲಿ ರಕ್ತ ತೆಗೆಸಿದೆ. ಬೇಕಿದ್ದದ್ದು ಮಿಲಿಲೀಟರಿಗೆ ಕನಿಷ್ಠ 0.5 ಯೂನಿಟ್ (IU), ಬಂದದ್ದು 0.4ರ ಹತ್ತಿರ. ಲ್ಯಾಬ್ ಫೀಸಿಗಿಂತ ಸೀರಂ (ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ) ತಣ್ಣಗಿಟ್ಟು ಕಳಿಸಿದ ಕೊರಿಯರ್ ದುಡ್ಡೇ ಜಾಸ್ತಿ, ಅದು ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಬೂಸ್ಟರ್ ಕೊಡಿಸಿ, ಐದು ವಾರ ಕಾದು, ಮತ್ತೆ ತೆಗೆಸಿದೆ. ನಾಲ್ಕರ ಮೇಲೆ ಬಂತು! ರಕ್ತ ತೆಗೆಯುವಾಗ ಚುಕ್ಕಿ ಮಿಸುಕದಂತೆ ಮಾಡಿದ ಉಪಾಯ ಮಾತ್ರ ನನ್ನ ಹತ್ತಿರವೇ ಇರಲಿ.

ಆಮೇಲೆ ಪ್ರಯಾಣಕ್ಕೆ ಮುಂಚೆ ಮೂರು ತಿಂಗಳ ಕಾಯುವಿಕೆ. ರಿಪೋರ್ಟ್ ಬಂದ ದಿನದಿಂದ ಎಣಿಸಬೇಕು ಅಂತ ಇಬ್ಬರು ವಾದಿಸಿದರು. ಅಲ್ಲ, ರಕ್ತ ತೆಗೆದ ದಿನದಿಂದ. ನಿಯಮ ನಾನೇ ಕೂತು ಓದಿದ್ದಕ್ಕೆ ಸುಮಾರು ಮೂರು ವಾರ ಉಳಿಯಿತು.

ಆ ಮೂರು ತಿಂಗಳು ಕ್ಯಾರಿಯರ್ ಪ್ರಯೋಗಕ್ಕೆ ಬಳಸಿದೆ. ನಮ್ಮ ವಿಮಾನದಲ್ಲಿ ಕ್ಯಾರಿಯರ್ ಸೇರಿ 8 ಕೆಜಿ ಮಿತಿ, ಚುಕ್ಕಿ ಒಂದೇ ಐದೂವರೆ. ಗಟ್ಟಿ ಪ್ಲಾಸ್ಟಿಕ್ಕಿನದು ಎರಡು ಕೆಜಿ ದಾಟಿತು, ಬಟ್ಟೆಯದು ಒಂದೂಕಾಲು. ಬಟ್ಟೆಯದನ್ನೇ ಹಾಲ್‌ನಲ್ಲಿ ಬಾಯಿ ತೆರೆದಿಟ್ಟೆ. ಪ್ರಾಣಿಗಳನ್ನು ಶಾಂತಗೊಳಿಸಲು ಮಾರುವ ದುಬಾರಿ ಫೆರೊಮೋನ್ ಸ್ಪ್ರೇ ಹೊಡೆದರೂ ಅತ್ತ ತಿರುಗಿ ನೋಡಲಿಲ್ಲ; ನಾನು ಹಾಕಿ ಬಿಟ್ಟ ಬನಿಯನ್ ಒಳಗೆ ಹಾಸಿದೆ, ಮೂರನೇ ದಿನ ಅದರ ಮೇಲೆ ಸುರುಳಿ ಸುತ್ತಿ ಮಲಗಿತ್ತು. ನಿದ್ದೆ ಮಾತ್ರೆ ಕೇಳಿದೆ, ಡಾಕ್ಟರು ಕೊಡಲಿಲ್ಲ. ಹಾರಾಟದಲ್ಲಿ ರಕ್ತದೊತ್ತಡ, ಉಸಿರಾಟ ಕುಸಿಯಬಹುದು ಅಂದರು. ಕೊಡದಿದ್ದದ್ದೇ ಒಳ್ಳೆಯದಾಯಿತು.

ಕೊನೆಯ ಓಟ ಹೆಲ್ತ್ ಸರ್ಟಿಫಿಕೇಟ್‌ನದು. ಸಹಿಯಾದ 10 ದಿನದೊಳಗೆ ಅಲ್ಲಿಗೆ ತಲುಪಬೇಕು. ನಾನು ಫಾರ್ಮನ್ನು ಮೊದಲೇ ತುಂಬಿ, ಚಿಪ್ ನಂಬರನ್ನು ಫೋಟೋ ಜೊತೆ ಒಂದೊಂದೇ ಅಂಕಿ ತಾಳೆ ನೋಡಿದೆ. ಲ್ಯಾಬ್ ಕಾಗದದಲ್ಲಿ ಎರಡು ಅಂಕಿ ಅದಲು ಬದಲಾಗಿದ್ದು ಸಿಕ್ಕಿದ್ದು ಆಗಲೇ! ತಿದ್ದಿಸಲು ಎರಡು ದಿನ ಹಿಡಿಯಿತು. ಸಿಗದಿದ್ದರೆ ಅಲ್ಲೇ ತಡೆದು ನಿಲ್ಲಿಸುತ್ತಿದ್ದರು.

ಇಳಿದ ಮೇಲೆ ಅಧಿಕಾರಿ ಸ್ಕ್ಯಾನರನ್ನು ಭುಜಗಳ ನಡುವೆ ಓಡಿಸಿದರು. ಏನೂ ಬರಲಿಲ್ಲ. ಎದೆ ಧಸಕ್ಕೆಂದಿತು, ಆದರೆ ಗೊತ್ತಿತ್ತು: ಚುಕ್ಕಿಯ ಚಿಪ್ ಜಾರಿ ಎಡ ಭುಜದ ಕೆಳಗೆ ಸೇರಿತ್ತು. 'ಅಲ್ಲಿ ನೋಡಿ' ಎಂದು ಬೆರಳು ತೋರಿಸಿದೆ. ಬೀಪ್ ಎಂದಿತು. 15 ಅಂಕಿಯೂ ಸರಿಯಿತ್ತು. ಠಸ್ಸೆ ಹೊಡೆದು ಕಾಗದ ನನ್ನ ಕಡೆ ತಳ್ಳಿದರು.