ಚೆಕ್ ಬೌನ್ಸ್: ವಸೂಲಿ ದಾವೆ ಯಾವ ಊರಿನಲ್ಲಿ?

ತೀರ್ಥಹಳ್ಳಿಯಲ್ಲಿ ನಿಮ್ಮ ಅಡಿಕೆ ತೂಗಿಸಿಕೊಂಡು ಹೋದ ದಾವಣಗೆರೆ ವ್ಯಾಪಾರಿಯ ಚೆಕ್ ವಾಪಸ್ ಬಂದಿದೆ ಎನ್ನಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಂ ಪ್ರಕಾರ ಪ್ರತಿವಾದಿ ವಾಸಿಸುವ ಅಥವಾ ವ್ಯಾಪಾರ ಮಾಡುವ ಊರಿನಲ್ಲಿ, ಇಲ್ಲವೇ ವ್ಯಾಜ್ಯಕಾರಣ (ದಾವೆಗೆ ಆಧಾರವಾದ ಘಟನೆ) ಸ್ವಲ್ಪವಾದರೂ ಹುಟ್ಟಿದ ಊರಿನಲ್ಲಿ ದಾವೆ ಹೂಡಬಹುದು. ಮಾಲು ಕೊಟ್ಟದ್ದು ತೀರ್ಥಹಳ್ಳಿಯಲ್ಲಿ, ದಾವಣಗೆರೆಗೆ ಅಲೆಯಬೇಕಿಲ್ಲ. ಆದರೆ ಅದನ್ನು ದಾವಾಪತ್ರದಲ್ಲೇ ಸ್ಪಷ್ಟವಾಗಿ ಬರೆದು ತೂಕದ ಚೀಟಿ, ಬಿಲ್, ಚೆಕ್, ಚೆಕ್ ವಾಪಸಾದ ಬಗ್ಗೆ ಬ್ಯಾಂಕ್ ಕೊಟ್ಟ ಹಿಂಬರಹ ಲಗತ್ತಿಸಿ. ಇಲ್ಲದಿದ್ದರೆ ದಾವಾಪತ್ರ ವಾಪಸಾಗಿ ತಿಂಗಳುಗಟ್ಟಲೆ ಹಾಳಾಗಬಹುದು.

ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ಮಾಲು ಕೊಟ್ಟ ದಿನದಿಂದಲೇ ಎಣಿಸುವುದು ಕ್ಷೇಮ.

ಚೆಕ್ ಬೌನ್ಸ್ ಅಪರಾಧಕ್ಕೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನಡಿ ಕೊಡುವ ಕ್ರಿಮಿನಲ್ ದೂರಿನ ಲೆಕ್ಕವೇ ಬೇರೆ. 2015ರ ತಿದ್ದುಪಡಿಯಂತೆ, ಖಾತೆಗೆ ಜಮಾ ಮಾಡಲು ಹಾಕಿದ ಚೆಕ್ಕಾದರೆ ನಿಮ್ಮ ಖಾತೆಯಿರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯಕ್ಕೇ ಹೋಗಬೇಕು. ಚೆಕ್ ವಾಪಸಾದದ್ದು ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ಹಣ ಕೇಳಿ ನೋಟಿಸ್ ಕಳಿಸಲೇಬೇಕು. ವಸೂಲಿ ದಾವೆ, ಕ್ರಿಮಿನಲ್ ದೂರು ಎರಡನ್ನೂ ಜೊತೆಜೊತೆಗೇ ನಡೆಸಬಹುದು.