ಚೆಂಡೆ–ಮದ್ದಳೆ ರೆಕಾರ್ಡಿಂಗ್‌ಗೆ ಮೈಕ್ ಆರಿಸುವುದು, ಇಡುವುದು

ಡ್ರಮ್ ಮೈಕ್ ಸೆಟ್ ಎಂದು ಒಂದೇ ಪೆಟ್ಟಿಗೆಯಲ್ಲಿ ಏಳು ಮೈಕ್ ಹಾಕಿ ಮಾರುವುದುಂಟು. ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳ ರೆಕಾರ್ಡ್ ಮಾಡುವವರಿಗೆ ಅದರಲ್ಲಿ ಅರ್ಧ ದಂಡ. ಸೆಟ್ಟಿನ ದೊಡ್ಡ ಮೈಕನ್ನು ಮಾಡಿದ್ದೇ ಕಾಲಿನಿಂದ ಬಾರಿಸುವ ಕಿಕ್ ಡ್ರಮ್‌ಗಾಗಿ. ಎಕೆಜಿ ಡಿ112, ಶೂರ್ ಬೀಟಾ 52ಎ ಇದೇ ಜಾತಿಯವು: ಅಡಿಯ ಗುಂಯ್‌ಕಾರ ಎತ್ತುತ್ತವೆ, ಕೋಲಿನ ಪೆಟ್ಟಿಗೆ ಅಂಚು ಕೊಡುತ್ತವೆ, ನಡುವಣ ನಾದವನ್ನು ತಗ್ಗಿಸುತ್ತವೆ. ಚೆಂಡೆಯ ಜೀವ ಇರುವುದು ಆ ನಡುವಿನಲ್ಲೇ. ಅಲ್ಲಿ ಕಳೆದುಹೋದದ್ದನ್ನು ಆಮೇಲೆ ಇಕ್ವಲೈಜರ್ ತಿರುಗಿಸಿ ತರಲು ಹೊರಟರೆ ತಗಡು ಬಡಿದಂತೆ ಕೇಳುತ್ತದೆ.

ಮೈಕಿಗಿಂತ ಮೊದಲು ಮುಚ್ಚಿಗೆ, ಅಂದರೆ ಬಾರಿಸುವ ಮುಖದ ಚರ್ಮ ನೋಡಿ. ಆಟಿ ತಿಂಗಳ ಮಳೆಯಲ್ಲಿ ಸಡಿಲಾದ ಚರ್ಮಕ್ಕೆ ಯಾವ ಮೈಕಿನಲ್ಲೂ ಮದ್ದಿಲ್ಲ. ಎಸಿ ಕೋಣೆಯಾದರೆ ಚೆಂಡೆ, ಮದ್ದಳೆ ಎರಡನ್ನೂ ಅರ್ಧ ಗಂಟೆ ಮೊದಲೇ ಒಳಗಿಟ್ಟು, ಆಮೇಲೆ ಬಿಗಿಮಾಡಿ ಶ್ರುತಿಗೆ ತನ್ನಿ. ಇಲ್ಲದಿದ್ದರೆ ಮೂರನೇ ಪದ್ಯ ಮುಗಿಯುವಷ್ಟರಲ್ಲಿ ಮದ್ದಳೆಯ ಬಲ ಮುಚ್ಚಿಗೆ ಶ್ರುತಿ ಬಿಟ್ಟಿರುತ್ತದೆ, ಮೊದಲ ಟೇಕ್ ಮೂರನೆಯದಕ್ಕೆ ಜೋಡಿಸಲು ಬರುವುದಿಲ್ಲ.

ಚೆಂಡೆಯ ಮೇಲಿನ ಮುಖಕ್ಕೆ ಎರಡು ದಾರಿಗಳಿವೆ. ಶೂರ್ ಎಸ್‌ಎಂ57ರಂಥ ಡೈನಾಮಿಕ್ ಮೈಕ್ ಅಗ್ಗ, ಗಟ್ಟಿ, ಜೋರು ಪೆಟ್ಟಿಗೆ ಹೆದರುವುದಿಲ್ಲ. ಆದರೆ ಉರುಳಿಕೆಯಲ್ಲಿ ಕೋಲಿನ ಒಂದೊಂದು ಪೆಟ್ಟು ಬಿಡಿಯಾಗಿ ಕೇಳಬೇಕಾದಲ್ಲಿ ಸ್ವಲ್ಪ ಮಂದ. ಸಣ್ಣ ಡಯಾಫ್ರಂನ (ಸದ್ದಿಗೆ ಅದುರುವ ಪೊರೆ) ಕಂಡೆನ್ಸರ್, ಅಂದರೆ ವಿದ್ಯುತ್ ಬೇಕಾಗುವ ಸೂಕ್ಷ್ಮ ಮೈಕ್, ಆ ಬಿಡಿತನವನ್ನು ಹಿಡಿಯುತ್ತದೆ. ಕೋಣೆ ಚೆನ್ನಾಗಿದ್ದರೆ ಕಂಡೆನ್ಸರೇ ಸರಿ. ಬರಿಯ ಸಿಮೆಂಟ್ ಗೋಡೆ, ತಗ್ಗು ತಾರಸಿಯ ಕೋಣೆಯಾದರೆ ಎಸ್‌ಎಂ57 ವಾಸಿ, ಯಾಕೆಂದರೆ ಕಂಡೆನ್ಸರ್ ಗೋಡೆಯ ಮಾರ್ದನಿಯನ್ನೂ ಅಷ್ಟೇ ಶ್ರದ್ಧೆಯಿಂದ ಹಿಡಿಯುತ್ತದೆ.

ಕಂಡೆನ್ಸರ್ ಕೊಳ್ಳುವಾಗ ಎಷ್ಟು ಡೆಸಿಬೆಲ್‌ವರೆಗೆ ತಾಳುತ್ತದೆ, ಪ್ಯಾಡ್ ಸ್ವಿಚ್ (ಮೈಕಿನಲ್ಲೇ ಸದ್ದಿನ ಮಟ್ಟ ತಗ್ಗಿಸುವುದು) ಇದೆಯೇ ಎಂದು ಮೊದಲು ಕೇಳಿ. ಶೂರ್ ಎಸ್‌ಎಂ81 ಮಾಮೂಲಿಯಾಗಿ 136, ಅದರಲ್ಲೇ ಇರುವ 10 ಡೆಸಿಬೆಲ್ ಪ್ಯಾಡ್ ಹಾಕಿದರೆ 146 ತಾಳುತ್ತದೆ. ರೋಡ್ ಎನ್‌ಟಿ5ಕ್ಕೆ ಪ್ಯಾಡ್ ಇಲ್ಲ, ತಾಳಿಕೆ 143. ಎಕೆಜಿ ಸಿ414ರ ಎಕ್ಸ್‌ಎಲ್‌ಎಸ್ ಮಾದರಿಯಲ್ಲಿ 6, 12, 18 ಡೆಸಿಬೆಲ್‌ನ ಮೂರು ಮೆಟ್ಟಿಲು ಪ್ಯಾಡ್ ಇದೆ. ಎಲ್ಲಕ್ಕೂ ಫ್ಯಾಂಟಮ್, ಅಂದರೆ ಕೇಬಲ್ಲಿನಲ್ಲೇ ಮೈಕಿಗೆ ಬರುವ ವಿದ್ಯುತ್ ಬೇಕು; 48 ವೋಲ್ಟ್ ಎಲ್ಲಕ್ಕೂ ಹೊಂದುತ್ತದೆ.

ಇಡುವ ಜಾಗ: ಚೆಂಡೆಯವರು ನಿಂತು ಬಾರಿಸುವ ಎತ್ತರಕ್ಕೆ ಸ್ಟ್ಯಾಂಡ್ ಏರಿಸಿ, ಮುಖದಿಂದ 30–40 ಸೆಂ.ಮೀ. ಮೇಲೆ, ಬಾರಿಸುವವರ ಎದುರು ಬದಿಯಿಂದ ಓರೆಯಾಗಿ. ಮೈಕಿನ ಮೂತಿ ನಟ್ಟನಡುವಿಗಿಂತ ಅಂಚಿನ ಬಳೆಯ ಕಡೆಗೆ ಅರ್ಧ ದಾರಿಯಲ್ಲಿರಲಿ. 10 ಸೆಂ.ಮೀ.ಗೆ ತಂದರೆ ಕೋಲಿನ ಟಕಟಕವೇ ತುಂಬುತ್ತದೆ, ನಾದ ಬೆಳೆಯಲು ಜಾಗ ಸಿಗುವುದಿಲ್ಲ. ಕೋಲು ಮೈಕಿಗೇ ತಾಗುವ ಭಯ ಬೇರೆ. ಮಟ್ಟ ನೋಡಲು ಸುಮ್ಮನೆ ನಾಲ್ಕು ಪೆಟ್ಟು ಹಾಕಿಸಿದರೆ ಸಾಲದು. ಪೀಠಿಕೆಯ ಕೊನೆಯ ಅಬ್ಬರವನ್ನೋ, ಒಂದು ಏರು ಪದ್ಯದ ಮುಕ್ತಾಯವನ್ನೋ ಪೂರ್ತಿ ಬಾರಿಸಿ, ಮೀಟರಿನ ತುದಿ ಮೈನಸ್ 12ರಿಂದ ಮೈನಸ್ 10ರೊಳಗೆ ನಿಲ್ಲುವಂತೆ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಇಡಿ. 24 ಬಿಟ್‌ನಲ್ಲಿ ಅದಕ್ಕಿಂತ ಏರಿಸುವ ಅಗತ್ಯವೇ ಇಲ್ಲ.

ಧ್ವನಿ ಒಡೆದರೆ ಎಲ್ಲಿ ಒಡೆಯಿತೆಂದು ಮೊದಲು ಗೊತ್ತುಮಾಡಿಕೊಳ್ಳಿ. ಗೇನ್ ಇಳಿಸಿ ಅದೇ ಮುಕ್ತಾಯವನ್ನು ಮತ್ತೊಮ್ಮೆ ಬಾರಿಸಿ. ತರಂಗ ಸಣ್ಣದಾದರೂ ಅದರ ತಲೆ ಚಪ್ಪಟೆಯಾಗಿಯೇ ಇದ್ದರೆ ಒಡೆಯುತ್ತಿರುವುದು ಮೈಕಿನ ಒಳಗಿನ ಸರ್ಕ್ಯೂಟ್. ಪ್ಯಾಡ್ ಹಾಕಬೇಕು, ಇಲ್ಲವೇ ದೂರ ಸರಿಸಬೇಕು. ತಲೆ ದುಂಡಗಾದರೆ ತಪ್ಪು ಗೇನ್‌ನದ್ದೇ.

ಕೆಳಮುಖಕ್ಕೆ ಎರಡನೇ ಮೈಕ್ ಬೇಕೇ? ಹೆಚ್ಚಿನ ಕೆಲಸಕ್ಕೆ ಬೇಡ. ಹೊಟ್ಟೆಯ ಗುಂಗು ಬೇಕೆನಿಸಿದರೆ ಮಾತ್ರ 20–25 ಸೆಂ.ಮೀ. ಕೆಳಗೆ ಒಂದು ಡೈನಾಮಿಕ್ ಇಟ್ಟು, ಅದರ ಪೋಲಾರಿಟಿ (ತರಂಗದ ಏರು–ಇಳಿವಿನ ದಿಕ್ಕು) ತಿರುಗಿಸಿ. ಮೇಲಿನ ಚರ್ಮ ಮೈಕಿನಿಂದ ದೂರ ಹೋಗುವ ಕ್ಷಣದಲ್ಲಿ ಕೆಳಗಿನದ್ದು ತನ್ನ ಮೈಕಿನ ಕಡೆಗೆ ಉಬ್ಬುತ್ತದೆ. ತಿರುಗಿಸದೆ ಕೂಡಿಸಿದರೆ ಒಂದು ಇನ್ನೊಂದನ್ನು ತಿಂದು ಚೆಂಡೆ ಪೊಳ್ಳಾಗುತ್ತದೆ. ಎರಡನ್ನೂ ಮೋನೋದಲ್ಲಿ ಕೂಡಿಸಿ, ಸ್ವಿಚ್ ಅತ್ತಿತ್ತ ಮಾಡಿ, ಮೈ ತುಂಬಿ ಕೇಳುವ ಕಡೆ ಬಿಡಿ.

ಮದ್ದಳೆಗೂ ಇದೇ ಪರೀಕ್ಷೆ ಮಾಡಬೇಕು, ಏಕೆಂದರೆ ಅಲ್ಲಿ ಎರಡು ಮೈಕ್ ಬೇಕೇ ಬೇಕು. ಬಲಕ್ಕೆ ಸಣ್ಣ ಕಂಡೆನ್ಸರ್, 15–20 ಸೆಂ.ಮೀ. ದೂರದಲ್ಲಿ, ಕರ್ಣೆಯ (ನಡುವಿನ ಕಪ್ಪು ಲೇಪ) ಅಂಚಿನ ಕಡೆಗೆ. ಎಡಕ್ಕೆ ಎಸ್‌ಎಂ57 ಅಥವಾ ಸೆನ್‌ಹೈಸರ್ ಎಂಡಿ 421, ಕೈ ಬೀಸುವ ದಾರಿ ತಪ್ಪಿಸಿ. ಕಾರ್ಡಿಯಾಯ್ಡ್ ಮೈಕುಗಳು, ಅಂದರೆ ಮುಖ್ಯವಾಗಿ ಎದುರಿನ ಸದ್ದನ್ನೇ ಹಿಡಿಯುವಂಥವು, ಹತ್ತಿರ ಹೋದಷ್ಟೂ ಅಡಿಸ್ವರ ಉಬ್ಬಿಸುತ್ತವೆ. ಎಡದ ಪೆಟ್ಟು ‘ಧೋಂ’ ಎಂದು ಎಳೆದುಕೊಂಡು ಮುಂದಿನ ಅಕ್ಷರವನ್ನು ಮುಚ್ಚುತ್ತಿದ್ದರೆ ಇಕ್ವಲೈಜರಿಗೆ ಕೈಹಾಕುವ ಮೊದಲು ಮೈಕನ್ನು ನಾಲ್ಕು ಬೆರಳು ಹಿಂದಕ್ಕೆ ಎಳೆಯಿರಿ. ಮದ್ದಳೆಗಾರರು ನೆಲದಲ್ಲಿ ಕೂರುವುದರಿಂದ ಗಿಡ್ಡ ಬೂಮ್ ಸ್ಟ್ಯಾಂಡ್ ಎರಡು ಬೇಕಾಗುತ್ತವೆ. ಬಜೆಟ್ ಹಾಕುವಾಗ ಎಲ್ಲರೂ ಮರೆಯುವುದು ಇದನ್ನೇ.

ಇನ್ನು ತಲೆನೋವಿನ ಭಾಗ: ಪದ್ಯ ಹಾಡುವ ಭಾಗವತರ ಮೈಕಿಗೆ ನುಗ್ಗುವ ಚೆಂಡೆ. ಒಬ್ಬೊಬ್ಬರಿಗೇ ಲಯದ ಕ್ಲಿಕ್ ಸದ್ದು ಕೇಳಿಸಿ ರೆಕಾರ್ಡ್ ಮಾಡಿದರೆ ಇದು ತಪ್ಪುತ್ತದೆ, ಆದರೆ ಪದ್ಯದ ಎಳೆತ–ಬಿಗಿತ ಸತ್ತುಹೋಗುತ್ತದೆ. ಭಾಗವತರ ಮುಖ ನೋಡದೆ ಮುಕ್ತಾಯ ತೆಗೆಯುವುದು ಕಷ್ಟ. ಎಲ್ಲರನ್ನೂ ಒಟ್ಟಿಗೇ ಕೂರಿಸಿ, ಮೈಕಿನ ಕಿವುಡು ಬದಿಯನ್ನು ಬಳಸಿಕೊಳ್ಳಿ. ಕಾರ್ಡಿಯಾಯ್ಡ್‌ಗೆ ಅದು ನೇರ ಹಿಂದೆ. ಇನ್ನೂ ಕಿರಿದಾಗಿ ಕೇಳುವ ಸೂಪರ್‌ಕಾರ್ಡಿಯಾಯ್ಡ್‌ಗೆ ಹಿಂದಿನ ಎರಡು ಓರೆ, ಸುಮಾರು 126 ಡಿಗ್ರಿಯಲ್ಲಿ. ಎದುರು, ಹಿಂದೆ ಎರಡೂ ಕಡೆ ಕೇಳುವ ಫಿಗರ್–8ಕ್ಕೆ ಎರಡೂ ಮಗ್ಗುಲು, ಸರಿಯಾಗಿ 90ರಲ್ಲಿ. ಸಿ414ರಂಥ ಮೈಕನ್ನು ಫಿಗರ್–8ಕ್ಕೆ ಹಾಕಿ ಭಾಗವತರ ಎದುರಿಟ್ಟು, ಚೆಂಡೆಯನ್ನು ಎರಡೂವರೆ ಮೀಟರ್ ಆಚೆ ಅದರ ಮಗ್ಗುಲಿಗೆ ನಿಲ್ಲಿಸಿದರೆ ಪರದೆ ಕಟ್ಟಿದ್ದಕ್ಕಿಂತ ಹೆಚ್ಚು ಪ್ರಯೋಜನ. ಮೈಕಿನ ಬೆನ್ನ ಕಡೆಯ ಗೋಡೆಗೆ ಮಾತ್ರ ದಪ್ಪ ಹಾಸಿಗೆ ಒರಗಿಸಿ. ಆ ಬದಿಯೂ ಕೇಳುತ್ತಿರುತ್ತದೆ. ಜಾಗಟೆ ಭಾಗವತರ ಕೈಯಲ್ಲೇ ಇರುವುದರಿಂದ ಅದಕ್ಕೆ ಬೇರೆ ಮೈಕ್ ಬೇಡ. ಲೋಹದ ಚಕ್ರತಾಳವನ್ನು ಕೋಣೆಯ ಮೂಲೆಗೆ ಕಳಿಸಿದರೂ ಎಲ್ಲ ಮೈಕಿನಲ್ಲೂ ಸಾಕಷ್ಟು ಬಂದಿರುತ್ತದೆ.

ಹಣ ಒಟ್ಟಿಗೆ ಹೊಂದದಿದ್ದರೆ ಮೊದಲು ಎರಡು ಎಸ್‌ಎಂ57, ಆಮೇಲೆ ಪ್ಯಾಡ್ ಇರುವ ಸಣ್ಣ ಕಂಡೆನ್ಸರ್ ಎರಡು. ಭಾಗವತರ ದೊಡ್ಡ ಮೈಕನ್ನು ಮಂಗಳೂರಿನಿಂದ ದಿನದ ಬಾಡಿಗೆಗೆ ತಂದರೂ ನಡೆಯುತ್ತದೆ.

ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಕಂಡೆನ್ಸರ್ ಮೈಕನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಮಲಗಬಾರದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ಲಿನ ಬಣ್ಣ ಬದಲಾದಾಗ ಒಣಗಿಸಿ. ಎಸಿ ಕೋಣೆಯಲ್ಲಿ ತಣ್ಣಗಾದ ಮೈಕನ್ನು ಹೊರಗೆ ಒಯ್ಯುವುದಿದ್ದರೆ ಡಬ್ಬಿ ಮುಚ್ಚಿಯೇ ಒಯ್ದು, ಹೊರಗಿನ ಶಾಖಕ್ಕೆ ಬಂದ ಮೇಲೆ ತೆರೆಯಿರಿ. ಫ್ಯಾಂಟಮ್ ಕೊಟ್ಟ ಕೂಡಲೇ ಚಟ್‌ ಚಟ್‌ ಎಂದರೆ ಕೇಬಲ್ ಬದಲಿಸಿ ನೋಡಿ. ಆಗಲೂ ನಿಲ್ಲದಿದ್ದರೆ ಬಹುಮಟ್ಟಿಗೆ ಕ್ಯಾಪ್ಸೂಲಿಗೆ ಪಸೆ ಹಿಡಿದಿದೆ. ಬಿಸಿಲಿಗಿಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ. ಹೊಸ ಜೆಲ್ ಹಾಕಿದ ಡಬ್ಬಿಯಲ್ಲಿ ಒಂದೆರಡು ದಿನ ಇಟ್ಟು ಮತ್ತೆ ಪರೀಕ್ಷಿಸಿ.